ಸೂಪರ್‌ಮಾರ್ಕೆಟ್: ಯಾದಿಯಲ್ಲಿ ಇಲ್ಲದ್ದು ಚೀಲಕ್ಕೆ ಬರುವ ಬಗೆ

ಕಲಬುರಗಿ ಜಿಲ್ಲೆಯ ಭಂಕೂರ, ಶಹಾಬಾದ್ ಪಟ್ಟಣಕ್ಕೆ ಹೊಂದಿಕೊಂಡಿರುವ ಊರು. ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನಿಂದಾಗಿ ಈ ಸೀಮೆಯ ಹೆಸರು ರಾಜ್ಯದ ಮನೆಮನೆಗೂ ಪರಿಚಿತ. ವಾಡಿ ಮತ್ತು ಸೇಡಂ ಸಿಮೆಂಟ್ ಕಾರ್ಖಾನೆಗಳ ನೆಲೆಗಳು; ಚಿತ್ತಾಪುರ, ಚಿಂಚೋಳಿಗಳು ತೊಗರಿ ಬೆಳೆಯುವ ತಾಲ್ಲೂಕುಗಳು. ಕಲ್ಲಿನ ಗಣಿ, ಕಾರ್ಖಾನೆ ಮತ್ತು ಹೊಲ ಈ ಮೂರರಿಂದ ಬರುವ ಕೂಲಿ, ಪಗಾರಗಳನ್ನು ನಂಬಿ ಬದುಕುವ ಮನೆಗಳು ಇಲ್ಲಿ ಬಹಳ. ತಿಂಗಳ ಸಾಮಾನು ತರಲು ಇಂತಹ ಮನೆಗಳಿಗೆ ಬಹುಕಾಲ ಎರಡೇ ದಾರಿಗಳಿದ್ದವು: ಒಂದು ಊರಿನ ಕಿರಾಣಿ ಅಂಗಡಿ, ಇನ್ನೊಂದು ವಾರದ ಸಂತೆ.

ಈಗ ಮೂರನೆಯ ದಾರಿಯೊಂದು ತೆರೆದಿದೆ. ಕಲಬುರಗಿ ನಗರದಲ್ಲಿ ಸೂಪರ್‌ಮಾರ್ಕೆಟ್‌ಗಳು ಬೇರೂರಿವೆ. ಸಾಮಾನನ್ನು ಗ್ರಾಹಕರೇ ಆಯ್ದುಕೊಳ್ಳುವ ಸಣ್ಣ ‘ಮಾರ್ಟ್’ಗಳು ತಾಲ್ಲೂಕು ಕೇಂದ್ರಗಳಿಗೂ ಬರುತ್ತಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಬಳಿಕ, ಜಿಲ್ಲಾ ಕೇಂದ್ರಕ್ಕೆ ಹೋಗಿ ಸಾಮಾನು ತರುವುದಕ್ಕೆ ಇದ್ದ ಒಂದು ಅಡ್ಡಿಯೂ ದೂರವಾಯಿತು. ಅಲ್ಲಿ ಬೆಲೆ ಕಡಿಮೆ ಎಂಬ ಮಾತು ಹಲವು ವಸ್ತುಗಳ ಮಟ್ಟಿಗೆ ನಿಜವೂ ಹೌದು. ಆದರೂ ಐದು ಸಾಮಾನಿಗೆಂದು ಹೋದವರು ಹದಿನೈದು ಸಾಮಾನು ಹೊತ್ತು ಬರುತ್ತಾರೆ. ಪ್ರತಿ ವಸ್ತುವಿನಲ್ಲೂ ಉಳಿತಾಯವಾಗಿದೆಯೆಂದು ಬಿಲ್ಲು ಹೇಳುತ್ತಿದ್ದರೂ ಕೈಯಲ್ಲಿ ಉಳಿಯುವ ಹಣ ಕಡಿಮೆಯಾಗಿರುತ್ತದೆ. ಇದಕ್ಕೆ ಗ್ರಾಹಕರ ಚಪಲವೊಂದೇ ಕಾರಣವಲ್ಲ. ಈ ಬಗೆಯ ಮಳಿಗೆಯ ಹಿಂದೆ ಒಂದು ಶತಮಾನಕ್ಕೂ ಮೀರಿದ ಲೆಕ್ಕಾಚಾರವಿದೆ.

ಅಂಗಡಿಕಾರ ನಡುವೆ ಇದ್ದಾಗ

ಕಿರಾಣಿ ಅಂಗಡಿಯಲ್ಲಿ ಗ್ರಾಹಕರಿಗೂ ಸರಕಿಗೂ ನಡುವೆ ಅಂಗಡಿಕಾರ ನಿಂತಿರುತ್ತಾನೆ. ಬೇಕಾದುದನ್ನು ಬಾಯಿಬಿಟ್ಟು ಕೇಳಬೇಕು; ಕೇಳುವ ಮೊದಲು ಮನೆಯಲ್ಲಿ ಏನು ತೀರಿದೆ ಎಂಬುದನ್ನು ನೆನೆಯಬೇಕು. ಆದ್ದರಿಂದಲೇ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಸಾಮಾನಿನ ‘ಯಾದಿ’ ಬರೆಯುವ ರೂಢಿ ಬೆಳೆಯಿತು. ಜೋಳ ಇಷ್ಟು, ತೊಗರಿಬೇಳೆ ಇಷ್ಟು, ಶೇಂಗಾ ಎಣ್ಣೆ ಇಷ್ಟು ಎಂದು ಯಾದಿ ಓದುತ್ತಾ ಹೋದಂತೆ ಅಂಗಡಿಕಾರ ತೂಗಿ ಕಟ್ಟುತ್ತಾನೆ, ಚೀಟಿಯ ಮೇಲೆ ಬೆಲೆ ಬರೆದು ಕೂಡುತ್ತಾನೆ. ಮೊತ್ತ ಹೆಚ್ಚಾಯಿತೆಂದು ತೋರಿದರೆ ಒಂದೆರಡು ಸಾಮಾನು ಬಿಡಲು ಅಲ್ಲಿಯೇ ಅವಕಾಶವಿರುತ್ತದೆ. ಉದ್ರಿ ಬೆಳೆದಿದ್ದರೆ ಹೋದ ತಿಂಗಳ ಬಾಕಿಯನ್ನು ಅವನೇ ನೆನಪಿಸುತ್ತಾನೆ.

ಈ ವ್ಯವಸ್ಥೆ ನಿಧಾನದ್ದು. ಆ ನಿಧಾನವೇ ಖರ್ಚಿಗೆ ಕಡಿವಾಣವೂ ಆಗಿತ್ತು. ಬಯಕೆ ಮೂಡುವುದಕ್ಕೂ ವಸ್ತು ಕೈಸೇರುವುದಕ್ಕೂ ನಡುವೆ ಕೇಳುವುದು, ಕಾಯುವುದು, ಲೆಕ್ಕ ನೋಡುವುದು ಎಂಬ ಮೂರು ಹಂತಗಳಿದ್ದವು. ಸೂಪರ್‌ಮಾರ್ಕೆಟ್ ಮಾಡಿದ ಮುಖ್ಯ ಬದಲಾವಣೆಯೆಂದರೆ ಈ ಮೂರನ್ನೂ ತೆಗೆದುಹಾಕಿದ್ದು. ಅದರ ಉಳಿದೆಲ್ಲ ತಂತ್ರಗಳೂ ಹೀಗೆ ತೆರವಾದ ಜಾಗದಲ್ಲಿಯೇ ಕೆಲಸ ಮಾಡುತ್ತವೆ.

ಮೆಂಫಿಸ್‌ನಿಂದ ಆರಂಭ

ಅಮೆರಿಕದ ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿ 1916ರ ಸೆಪ್ಟೆಂಬರ್ 6ರಂದು ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದ. ಅಲ್ಲಿಯವರೆಗೆ ಅಮೆರಿಕದಲ್ಲೂ ದಿನಸಿ ಅಂಗಡಿಯೆಂದರೆ ನಮ್ಮ ಕಿರಾಣಿಯಂತೆ ಕೇಳಿ ಪಡೆಯುವ ಅಂಗಡಿಯೇ. ಸಾಂಡರ್ಸ್ ಸರಕನ್ನೆಲ್ಲ ಗ್ರಾಹಕರ ಕೈಗೆಟುಕುವಂತೆ ತೆರೆದಿಟ್ಟ, ಪ್ರತಿಯೊಂದಕ್ಕೂ ಬೆಲೆಯ ಚೀಟಿ ಅಂಟಿಸಿದ. ಒಳಬಂದವರು ಎಲ್ಲ ಸಾಲುಗಳನ್ನೂ ಹಾದು ಕೊನೆಯಲ್ಲಿ ಹಣ ಕೊಡುವ ಜಾಗಕ್ಕೆ ತಲುಪುವಂತೆ ಒಂದೇ ದಿಕ್ಕಿನ ದಾರಿಯನ್ನು ರೂಪಿಸಿದ. ಈ ವಿನ್ಯಾಸಕ್ಕೆ 1917ರಲ್ಲಿ ಪೇಟೆಂಟ್ ದೊರೆಯಿತು. ಕೆಲಸಗಾರರ ಸಂಖ್ಯೆ ಇಳಿದು ವೆಚ್ಚ ತಗ್ಗಿತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಟ್ಟಿ ನೋಡಬಹುದಾದ್ದರಿಂದ ಮಾರಾಟವೂ ಏರಿತು.

ಕೈಬುಟ್ಟಿ ತುಂಬಿ ಭಾರವಾದೊಡನೆ ಗ್ರಾಹಕರು ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿದವನು ಒಕ್ಲಹೋಮಾ ನಗರದ ಸಿಲ್ವನ್ ಗೋಲ್ಡ್‌ಮನ್. ಅವನು 1937ರಲ್ಲಿ ತನ್ನ ಅಂಗಡಿಗಳಿಗೆ ಚಕ್ರದ ಗಾಡಿಯನ್ನು ತಂದ. ಇಂದಿನ ಟ್ರಾಲಿಯ ಮೂಲ ಅದೇ. ಮೊದಮೊದಲು ಜನ ಅದನ್ನು ಮುಟ್ಟಲು ಹಿಂಜರಿದಾಗ, ಗಾಡಿ ತಳ್ಳುತ್ತಾ ಅಂಗಡಿಯೊಳಗೆ ಓಡಾಡಲು ಗೋಲ್ಡ್‌ಮನ್ ಕೂಲಿಗೆ ಜನರನ್ನು ನೇಮಿಸಿದನಂತೆ. 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್ ಒಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡ್ ಅನ್ನು ಮೊದಲ ಬಾರಿಗೆ ಯಂತ್ರ ಓದಿತು. ಯಾವ ವಸ್ತುವನ್ನು ಯಾವ ಹಲಗೆಯ ಮೇಲಿಟ್ಟರೆ ಎಷ್ಟು ಮಾರಾಟವಾಗುತ್ತದೆ ಎಂಬ ನಿಖರ ಲೆಕ್ಕ ಅಂಗಡಿಗಳ ಕೈಗೆ ದೊರೆತದ್ದು ಆ ಬಳಿಕ.

ಕರ್ನಾಟಕಕ್ಕೆ ಬಂದ ಬಗೆ

ಬೆಂಗಳೂರಿಗೆ ಈ ಸಂಸ್ಕೃತಿ ಹಂತ ಹಂತವಾಗಿ ಬಂದಿತು. 1905ರಲ್ಲಿ ನೀಲಗಿರಿಯ ಬೆಟ್ಟಗಳಲ್ಲಿ ಹಾಲು, ಬೆಣ್ಣೆಯ ವ್ಯಾಪಾರವಾಗಿ ಹುಟ್ಟಿದ ‘ನೀಲಗಿರೀಸ್’ 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದು, ಮುಂದೆ ದೇಶದ ಆರಂಭಿಕ ಸೂಪರ್‌ಮಾರ್ಕೆಟ್‌ಗಳಲ್ಲಿ ಒಂದಾಗಿ ಬೆಳೆಯಿತು. 1996ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ಫುಡ್‌ವರ್ಲ್ಡ್’ ಬೆಂಗಳೂರಿಗೂ ಹಬ್ಬಿತು. ಜರ್ಮನಿಯ ‘ಮೆಟ್ರೊ’ ಸಂಸ್ಥೆ ಭಾರತದ ತನ್ನ ಮೊದಲ ಸಗಟು ಮಳಿಗೆಯನ್ನು 2003ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ.

ಆದರೆ ಮಧ್ಯಮ ವರ್ಗವನ್ನು ದೊಡ್ಡ ಸಂಖ್ಯೆಯಲ್ಲಿ ಒಳಕ್ಕೆ ಕರೆದದ್ದು ಕಿಶೋರ್ ಬಿಯಾನಿ ಅವರ ‘ಬಿಗ್ ಬಜಾರ್’. 2001ರಲ್ಲಿ ಕೋಲ್ಕತ್ತ, ಹೈದರಾಬಾದ್, ಬೆಂಗಳೂರುಗಳಲ್ಲಿ ಅದರ ಮೊದಲ ಮಳಿಗೆಗಳು ಬಂದವು. ಪಾಶ್ಚಾತ್ಯ ಮಾದರಿಯ ಅಗಲವಾದ, ನೀಟಾದ ಸಾಲುಗಳಲ್ಲಿ ಭಾರತೀಯ ಗ್ರಾಹಕರು ಎಲ್ಲಿಯೂ ನಿಲ್ಲದೆ ನೇರವಾಗಿ ನಡೆದುಹೋಗುತ್ತಾರೆ ಎಂಬುದನ್ನು ಬಿಯಾನಿ ಗುರುತಿಸಿದರು. ಸಂತೆಯ ಇಕ್ಕಟ್ಟು, ಗದ್ದಲ ಇದ್ದರೆ ಅಗ್ಗದ ಮಾಲು ಸಿಗುತ್ತದೆಂಬ ಭಾವ ಜನರಲ್ಲಿ ಮೂಡುತ್ತದೆ ಎಂಬುದು ಅವರ ಲೆಕ್ಕಾಚಾರ. ಅದರಂತೆ ಮಳಿಗೆಗಳಲ್ಲಿ ಬೇಕೆಂದೇ ಕಿರಿದಾದ, ಅಂಕುಡೊಂಕಾದ ದಾರಿಗಳನ್ನು ಬಿಡಲಾಯಿತು. ಬೇಳೆಕಾಳುಗಳನ್ನು ಕೈಯಾಡಿಸಿ ನೋಡುವಂತೆ ತೆರೆದ ಡಬ್ಬಗಳಲ್ಲಿ ಸುರಿಯಲಾಯಿತು. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2007ರಲ್ಲಿ ಇದನ್ನು ವಿಸ್ತಾರವಾಗಿ ವರದಿ ಮಾಡಿತ್ತು. 2006ರ ಗಣರಾಜ್ಯೋತ್ಸವದ ದಿನ ‘ಸಬ್ ಸೆ ಸಸ್ತಾ ದಿನ್’ ಹೆಸರಿನ ಮಾರಾಟಕ್ಕೆ ನುಗ್ಗಿದ ಜನಸಂದಣಿಯನ್ನು ನಿಯಂತ್ರಿಸಲು ಕೆಲವೆಡೆ ಪೊಲೀಸರೇ ಬರಬೇಕಾಯಿತು.

ಗ್ರಾಹಕರ ಮನಸ್ಸನ್ನು ಇಷ್ಟು ಚೆನ್ನಾಗಿ ಓದಿದ್ದ ಸಂಸ್ಥೆ ತನ್ನ ಸಾಲದ ಭಾರವನ್ನು ತಾಳಲಾರದೆ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅದರ ಅನೇಕ ಮಳಿಗೆಗಳ ಜಾಗ ರಿಲಯನ್ಸ್ ಪಾಲಾಯಿತು. ಸಂಸ್ಥೆ ಹೋದರೂ ಅದು ಕಲಿಸಿದ ಪಾಠಗಳು ಹೋಗಲಿಲ್ಲ.

ಮಳಿಗೆಯ ನಕ್ಷೆ

ಸೂಪರ್‌ಮಾರ್ಕೆಟ್‌ಗೆ ಕಾಲಿಟ್ಟೊಡನೆ ಅನೇಕ ಕಡೆ ಮೊದಲು ಎದುರಾಗುವುದು ತಾಜಾ ಹಣ್ಣು, ತರಕಾರಿ ಅಥವಾ ಆ ವಾರದ ದೊಡ್ಡ ರಿಯಾಯಿತಿಯ ರಾಶಿ. ಹಸಿರು ಕಂಡಾಗ ಇಡೀ ಮಳಿಗೆಯೇ ತಾಜಾ ಎನಿಸುತ್ತದೆ. ರಿಯಾಯಿತಿ ಕಂಡಾಗ ಎಲ್ಲವೂ ಅಗ್ಗವೆನಿಸುತ್ತದೆ. ದಿನನಿತ್ಯ ಬೇಕಾಗುವ ಹಾಲು, ಅಕ್ಕಿ, ಹಿಟ್ಟು, ಎಣ್ಣೆಗಳು ಸಾಮಾನ್ಯವಾಗಿ ಒಳಭಾಗದಲ್ಲಿ ಅಥವಾ ಹಿಂದಿನ ಗೋಡೆಯ ಬಳಿ ಇರುತ್ತವೆ. ಅವುಗಳನ್ನು ತಲುಪುವ ಹಾದಿಯಲ್ಲಿ ಬಿಸ್ಕತ್ತು, ಕುರುಕಲು ತಿಂಡಿ, ಪ್ಲಾಸ್ಟಿಕ್ ಡಬ್ಬ, ಸೌಂದರ್ಯ ಸಾಧನಗಳ ಸಾಲುಗಳನ್ನು ದಾಟಿಯೇ ಹೋಗಬೇಕು.

ಈ ತತ್ವದ ಸ್ಪಷ್ಟ ರೂಪವನ್ನು ನೋಡಬೇಕೆಂದರೆ ಬೆಂಗಳೂರಿನ ನಾಗಸಂದ್ರಕ್ಕೆ ಹೋಗಬೇಕು. ಅಲ್ಲಿ 2022ರ ಜೂನ್‌ನಲ್ಲಿ ಆರಂಭವಾದ ‘ಐಕಿಯಾ’ ದಿನಸಿ ಅಂಗಡಿಯಲ್ಲ, ಪೀಠೋಪಕರಣದ ಮಳಿಗೆ. ಆದರೆ ಒಳಹೊಕ್ಕವರು ನೆಲದ ಮೇಲಿನ ಬಾಣದ ಗುರುತುಗಳನ್ನು ಹಿಂಬಾಲಿಸುತ್ತಾ ಬಹುತೇಕ ಎಲ್ಲ ವಿಭಾಗಗಳನ್ನೂ ಸುತ್ತಿ ಹೊರಬರುವಂತಹ ಅದರ ವಿನ್ಯಾಸ, ಮೆಂಫಿಸ್‌ನ ಅದೇ ಹಳೆಯ ದಾರಿಯ ಮುಂದುವರಿಕೆ.

ಹಲಗೆಗಳ ಜೋಡಣೆಯಲ್ಲೂ ಕ್ರಮವಿದೆ. ಕಣ್ಣಿನ ಮಟ್ಟದಲ್ಲಿರುವ ಹಲಗೆ ಅತ್ಯಂತ ಬೆಲೆಬಾಳುವ ಜಾಗ. ಹೆಚ್ಚು ಲಾಭ ತರುವ, ಹೆಚ್ಚು ಜಾಹೀರಾತು ಪಡೆದ ವಸ್ತುಗಳು ಅಲ್ಲಿರುತ್ತವೆ. ಅದೇ ಗುಣದ ಅಗ್ಗದ ವಸ್ತುವಿಗಾಗಿ ಬಗ್ಗಿ ನೋಡಬೇಕು ಅಥವಾ ಕೈ ಮೇಲೆತ್ತಬೇಕು. ಮಕ್ಕಳನ್ನು ಸೆಳೆಯುವ ಚಾಕೊಲೇಟ್, ಆಟಿಕೆ ಇರುವ ತಿಂಡಿಗಳು ಮಕ್ಕಳ ಕಣ್ಣಿನ ಮಟ್ಟದಲ್ಲಿರುತ್ತವೆ. ಸಾಲಿನ ತುದಿಯಲ್ಲಿ ಎದ್ದು ಕಾಣುವಂತೆ ಪೇರಿಸಿದ ರಾಶಿ ಕಂಡರೆ ಅದು ರಿಯಾಯಿತಿಯ ಮಾಲೇ ಇರಬೇಕೆಂದು ಭಾವಿಸುವವರು ಹೆಚ್ಚು; ಹಾಗಿರಲೇಬೇಕೆಂದೇನೂ ಇಲ್ಲ. ಇಂತಹ ಜಾಗಗಳಿಗಾಗಿ ತಯಾರಿಕಾ ಕಂಪನಿಗಳು ಮಳಿಗೆಗಳಿಗೆ ಹಣ ತೆರುವ ಪದ್ಧತಿ ಚಿಲ್ಲರೆ ಉದ್ಯಮದಲ್ಲಿ ಸರ್ವೇಸಾಮಾನ್ಯ.

ಬಿಲ್ಲಿಂಗ್ ಕೌಂಟರ್ ಬಳಿಯ ಚಿಕ್ಕ ಸಾಮಾನುಗಳದ್ದು ಇನ್ನೊಂದು ಕಥೆ. ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸವಿರುವುದಿಲ್ಲ, ಹತ್ತಿಪ್ಪತ್ತು ರೂಪಾಯಿ ದೊಡ್ಡದೆನಿಸುವುದೂ ಇಲ್ಲ. ಇದರ ಪರಿಣಾಮವನ್ನು ಗಂಭೀರವಾಗಿ ಪರಿಗಣಿಸಿದ ಇಂಗ್ಲೆಂಡ್, ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ದೊಡ್ಡ ಮಳಿಗೆಗಳ ಪ್ರವೇಶದ್ವಾರ, ಸಾಲಿನ ತುದಿ ಮತ್ತು ಹಣ ಪಾವತಿಸುವ ಜಾಗಗಳಲ್ಲಿ ಇಡುವುದನ್ನು 2022ರ ಅಕ್ಟೋಬರ್ 1ರಿಂದ ಕಾನೂನಿನ ಮೂಲಕ ನಿರ್ಬಂಧಿಸಿದೆ.

ಬೆಲೆ ಆಡುವ ಆಟ

ಒಂದು ರೂಪಾಯಿ ಕಡಿಮೆ ಮಾಡಿ 99, 199, 499 ಎಂದು ಬೆಲೆ ಬರೆಯುವುದನ್ನು ನಮ್ಮ ಜನ ಬಹಳ ಹಿಂದೆಯೇ ‘ಬಾಟಾ ಬೆಲೆ’ ಎಂದು ಗೇಲಿ ಮಾಡಿದ್ದಾರೆ. ಗೇಲಿ ಮಾಡಿದವರೂ ಕೊಳ್ಳುತ್ತಾರೆ ಎಂಬುದು ಗಮನಾರ್ಹ. ಅಮೆರಿಕದ ಎರಿಕ್ ಆಂಡರ್ಸನ್ ಮತ್ತು ಡಂಕನ್ ಸಿಮೆಸ್ಟರ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ಉಡುಪನ್ನು ಬೇರೆ ಬೇರೆ ಬೆಲೆಗೆ ಮಾರಾಟಕ್ಕಿಟ್ಟಾಗ, 34 ಡಾಲರ್ ಬೆಲೆಗಿಂತ 39 ಡಾಲರ್ ಬೆಲೆಗೇ ಹೆಚ್ಚು ಮಾರಾಟವಾದದ್ದು ಕಂಡುಬಂದಿತು. ಒಂಬತ್ತರಲ್ಲಿ ಕೊನೆಗೊಳ್ಳುವ ಬೆಲೆಯನ್ನು ಮನಸ್ಸು ರಿಯಾಯಿತಿಯ ಗುರುತೆಂದು ಓದುತ್ತದೆ.

ಎಂಆರ್‌ಪಿಯನ್ನು ಹೊಡೆದುಹಾಕಿ ಕೆಳಗೆ ‘ನಮ್ಮ ಬೆಲೆ’ ಎಂದು ಬರೆಯುವುದು ಇನ್ನೊಂದು ವಿಧಾನ. ಎಂಆರ್‌ಪಿ ಎಂದರೆ ಗರಿಷ್ಠ ಚಿಲ್ಲರೆ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬುದಷ್ಟೇ ಅದರ ಅರ್ಥ. ಅದೇ ನ್ಯಾಯವಾದ ಬೆಲೆ ಎಂದಲ್ಲ. ಆದ್ದರಿಂದ ಎಂಆರ್‌ಪಿಗಿಂತ ಎಷ್ಟು ಕಡಿಮೆ ಎಂಬುದಕ್ಕಿಂತ, ಅದೇ ವಸ್ತು ಪಕ್ಕದ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದೇ ಸರಿಯಾದ ಹೋಲಿಕೆ. ಬಿಲ್ಲಿನ ಕೊನೆಯಲ್ಲಿ ದೊಡ್ಡಕ್ಷರಗಳಲ್ಲಿ ಮುದ್ರಿತವಾಗುವ ‘ನೀವು ಉಳಿಸಿದ ಹಣ’ವೂ ಎಂಆರ್‌ಪಿಯನ್ನು ಆಧರಿಸಿದ ಲೆಕ್ಕವೇ.

‘ಒಂದು ಕೊಂಡರೆ ಒಂದು ಉಚಿತ’ ಎಂಬ ಘೋಷಣೆಯನ್ನು ಕೆಲವರು ಸಂತೆಯ ಕೊಸರಿಗೆ ಹೋಲಿಸುವುದುಂಟು. ಎರಡಕ್ಕೂ ವ್ಯತ್ಯಾಸವಿದೆ. ತರಕಾರಿಯವಳು ತೂಗಿದ ಮೇಲೆ ಹಾಕುವ ಕೊಸರು, ಬೇಕಾದಷ್ಟನ್ನು ಕೊಂಡ ಬಳಿಕ ದೊರೆಯುವ ಹೆಚ್ಚುವರಿ. ಸೂಪರ್‌ಮಾರ್ಕೆಟ್‌ನ ಉಚಿತ ವಸ್ತು, ಬೇಡವಾಗಿದ್ದ ಮೊದಲನೆಯದನ್ನು ಕೊಳ್ಳುವಂತೆ ಮಾಡುವ ಕಾರಣ. ಕೆಡುವ ಪದಾರ್ಥವಾದರೆ ಉಚಿತವಾಗಿ ಬಂದದ್ದು ಎಷ್ಟೋ ಸಲ ಕಸದ ಬುಟ್ಟಿ ಸೇರುತ್ತದೆ.

ಪೊಟ್ಟಣದ ಅಳತೆಯ ವಿಷಯದಲ್ಲಿ ಈಗ ಹೆಚ್ಚಿನ ಎಚ್ಚರ ಅಗತ್ಯ. ಬೇಳೆ, ಚಹಾ, ಬಿಸ್ಕತ್ತು, ಎಣ್ಣೆ ಮುಂತಾದವನ್ನು ನಿಗದಿತ ತೂಕಗಳಲ್ಲಿಯೇ ಪೊಟ್ಟಣ ಮಾಡಬೇಕೆಂಬ ನಿಯಮ ಹಿಂದೆ ಇತ್ತು. ಕಾನೂನುಬದ್ಧ ಮಾಪನ ನಿಯಮಗಳಿಗೆ 2021ರ ನವೆಂಬರ್‌ನಲ್ಲಿ ಹೊರಡಿಸಿದ ತಿದ್ದುಪಡಿ ಆ ಅನುಸೂಚಿಯನ್ನು ರದ್ದುಗೊಳಿಸಿತು. ಹೀಗಾಗಿ ಕಿಲೋ ಪೊಟ್ಟಣದಂತೆಯೇ ಕಾಣುವ 850 ಗ್ರಾಂ, 900 ಗ್ರಾಂ ಪೊಟ್ಟಣಗಳು ಕಾನೂನುಬದ್ಧವಾಗಿಯೇ ಮಾರುಕಟ್ಟೆಗೆ ಬರಬಹುದು. ಇದಕ್ಕೆ ಪರಿಹಾರವಾಗಿ ಅದೇ ತಿದ್ದುಪಡಿ ‘ಏಕಮಾನ ಮಾರಾಟ ಬೆಲೆ’ಯನ್ನು ತಂದಿತು. ಗ್ರಾಮಿಗೆ, ಕಿಲೋಗೆ, ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಬೆಲೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸುವುದು 2024ರ ಜನವರಿ 1ರಿಂದ ಕಡ್ಡಾಯವಾಗಿದೆ.

ಉದಾಹರಣೆಗೆ, ತೊಗರಿಬೇಳೆಯ ಮೂರು ಪೊಟ್ಟಣಗಳಿವೆ ಎಂದುಕೊಳ್ಳೋಣ. 500 ಗ್ರಾಮಿಗೆ 80 ರೂಪಾಯಿ, 850 ಗ್ರಾಮಿಗೆ 149 ರೂಪಾಯಿ, 1 ಕಿಲೋಗೆ 165 ರೂಪಾಯಿ. ಕಣ್ಣಿಗೆ 149 ಅಗ್ಗವಾಗಿ ಕಾಣುತ್ತದೆ. ಕಿಲೋ ಲೆಕ್ಕಕ್ಕೆ ತಂದರೆ ಮೊದಲನೆಯದು 160, ಎರಡನೆಯದು ಸುಮಾರು 175, ಮೂರನೆಯದು 165 ರೂಪಾಯಿ. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆಯೂ ಎಲ್ಲ ಕಾಲಕ್ಕೂ ನಿಜವಲ್ಲ. ಎಣ್ಣೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಲೀಟರ್ ಪೊಟ್ಟಣವನ್ನು ಕಿಲೋ ಡಬ್ಬದೊಂದಿಗೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಯನ್ನು ಬೆಳೆಯುವ ಸೀಮೆಯ ಜನರೇ, ಎಲ್ಲಿಯ ಬೇಳೆ ಎಂಬುದನ್ನು ನೋಡದೆ, ಹೊಳೆಯುವ ಪೊಟ್ಟಣವನ್ನು ಕಂಡು ಬೇಳೆ ಕೊಳ್ಳುವ ಸಂದರ್ಭವೂ ಇದೆ. ಕೈಯಲ್ಲಿ ಹಿಡಿದು ನೋಡುವ, ಬೇಯುವ ಗುಣವನ್ನು ವಿಚಾರಿಸುವ ಅರಿವು ಇಲ್ಲಿ ಮನೆಮನೆಯಲ್ಲಿದೆ. ಪೊಟ್ಟಣದ ಎದುರು ನಿಂತಾಗ ಆ ಅರಿವು ಕೆಲಸಕ್ಕೆ ಬರುವುದಿಲ್ಲ.

ಸಂಗೀತ, ಕಾಲ, ಪಾವತಿ

ಮಳಿಗೆಯಲ್ಲಿ ಮೆಲುವಾಗಿ ಕೇಳುವ ಸಂಗೀತ ಬರಿಯ ಅಲಂಕಾರವಲ್ಲ. ರೊನಾಲ್ಡ್ ಮಿಲಿಮನ್ ಎಂಬ ಸಂಶೋಧಕ ಅಮೆರಿಕದ ಸೂಪರ್‌ಮಾರ್ಕೆಟ್ ಒಂದರಲ್ಲಿ ನಡೆಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೇಗದ ಸಂಗೀತಕ್ಕಿಂತ ನಿಧಾನಗತಿಯ ಸಂಗೀತ ನುಡಿಸಿದ ದಿನಗಳಲ್ಲಿ ಗ್ರಾಹಕರ ನಡಿಗೆ ನಿಧಾನವಾಯಿತು, ಮಾರಾಟ ಶೇ 38ರಷ್ಟು ಹೆಚ್ಚಿತು. ಇದು ಒಂದು ಮಳಿಗೆಯ ಫಲಿತಾಂಶ. ಅದೇ ಅಂಕಿಯನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಆದರೆ ಒಳಗೆ ಕಳೆಯುವ ಸಮಯ ಹೆಚ್ಚಿದಷ್ಟೂ ಕೊಳ್ಳುವ ಅವಕಾಶ ಹೆಚ್ಚುತ್ತದೆ ಎಂಬ ತತ್ವವನ್ನು ಇಂದಿನ ಮಳಿಗೆಗಳು ಒಪ್ಪಿಕೊಂಡೇ ನಡೆಯುತ್ತವೆ. ತಂಪಾದ ಗಾಳಿ, ಆಗತಾನೆ ಬೆಂದ ಬ್ರೆಡ್ಡಿನ ಪರಿಮಳ, ಕಿಟಕಿಗಳಿಲ್ಲದ ಗೋಡೆ ಇವೆಲ್ಲ ಹೊರಗಿನ ಹೊತ್ತನ್ನು ಮರೆಸುತ್ತವೆ. ಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹವಾನಿಯಂತ್ರಿತ ಮಳಿಗೆಯಿಂದ ಬೇಗನೆ ಹೊರಬರಲು ಯಾರಿಗೂ ಮನಸ್ಸಾಗದು.

ಹಣ ಕೊಡುವ ವಿಧಾನವೂ ಖರ್ಚಿನ ಮೇಲೆ ಪರಿಣಾಮ ಬೀರುತ್ತದೆ. ಡ್ರಾಝೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಗದಿನ ಬದಲು ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಬೇಕೆಂದಾಗ ಜನ ಅದೇ ವಸ್ತುವಿಗೆ ಎರಡು ಪಟ್ಟಿನವರೆಗೂ ಬೆಲೆ ಕೊಡಲು ಸಿದ್ಧರಿದ್ದುದು ಕಂಡಿತು. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟ ಕಾರ್ಡ್ ಉಜ್ಜುವಾಗ ಆಗುವುದಿಲ್ಲ.

ಬಿಲ್ಲಿಂಗ್ ಕೌಂಟರ್‌ನಲ್ಲಿ ಕೇಳುವ ಮೊಬೈಲ್ ಸಂಖ್ಯೆ, ಸದಸ್ಯತ್ವದ ಅಂಕಗಳು ಗ್ರಾಹಕರ ಅಭ್ಯಾಸದ ದಾಖಲೆಯನ್ನು ಮಳಿಗೆಗೆ ಒದಗಿಸುತ್ತವೆ. ಯಾವ ವಾರ ಏನು ಕೊಳ್ಳುತ್ತೀರಿ ಎಂಬುದು ತಿಳಿದ ಮೇಲೆ ಯಾವ ಕೊಡುಗೆಯ ಸಂದೇಶ ಯಾವಾಗ ಕಳಿಸಬೇಕೆಂಬುದೂ ತಿಳಿಯುತ್ತದೆ. ಸಂಖ್ಯೆ ಕೊಡದಿದ್ದರೆ ಬಿಲ್ ಮಾಡುವುದಿಲ್ಲವೆಂದು ಒತ್ತಾಯಿಸಕೂಡದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ.

ಕೈಚೀಲದ ವ್ಯಾಜ್ಯ

ಕೊನೆಯ ಘಳಿಗೆಯ ಖರ್ಚಿಗೆ ಒಳ್ಳೆಯ ನಿದರ್ಶನ ಕೈಚೀಲ. ಎಲ್ಲ ಸಾಮಾನು ಆರಿಸಿ, ಸಾಲಿನಲ್ಲಿ ನಿಂತು, ಬಿಲ್ ಆದ ಮೇಲೆ ಚೀಲಕ್ಕೆ ಬೇರೆ ಹಣ ಎಂದಾಗ ಬೇಡವೆನ್ನುವ ಸ್ಥಿತಿ ಇರುವುದಿಲ್ಲ. ಈ ಬಗ್ಗೆ ದೇಶದ ಹಲವೆಡೆ ಗ್ರಾಹಕರು ಆಯೋಗಗಳ ಮೆಟ್ಟಿಲೇರಿದರು. ಮುಂಚಿತವಾಗಿ ಸೂಚನೆ ನೀಡದೆ ಚೀಲಕ್ಕೆ ಹಣ ಪಡೆಯುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗವೊಂದು, ಸಂಸ್ಥೆಯ ಹೆಸರು ಮುದ್ರಿತವಾಗಿದ್ದ ಚೀಲಕ್ಕೆ 20 ರೂಪಾಯಿ ಪಡೆದ ಐಕಿಯಾ, ಆ ಹಣದ ಜೊತೆಗೆ ಪರಿಹಾರ ಮತ್ತು ವ್ಯಾಜ್ಯದ ವೆಚ್ಚವೆಂದು 3,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮೊತ್ತ ಚಿಕ್ಕದಾದರೂ, ಖರೀದಿಯ ನಿರ್ಧಾರಕ್ಕೆ ಮೊದಲೇ ಪೂರ್ಣ ಬೆಲೆ ತಿಳಿಯುವುದು ಗ್ರಾಹಕರ ಹಕ್ಕು ಎಂಬ ತತ್ವ ದೊಡ್ಡದು.

ಮೊಬೈಲ್ ಪರದೆಯ ಮೇಲಿನ ಮಳಿಗೆ

2011ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಬಿಗ್‌ಬ್ಯಾಸ್ಕೆಟ್’ ಮತ್ತು ಅದರ ನಂತರದ ಆನ್‌ಲೈನ್ ದಿನಸಿ ಸೇವೆಗಳು ಇದೇ ತಂತ್ರಗಳನ್ನು ಪರದೆಗೆ ಸಾಗಿಸಿದವು. ಇಲ್ಲಿ ಕಣ್ಣಿನ ಮಟ್ಟದ ಹಲಗೆಯೆಂದರೆ ಹುಡುಕಾಟದ ಮೊದಲ ಸಾಲು. ಇಂತಿಷ್ಟು ಮೊತ್ತ ದಾಟಿದರೆ ಸಾಗಣೆ ಉಚಿತ ಎಂಬ ಷರತ್ತು, ಇಪ್ಪತ್ತು ಮೂವತ್ತು ರೂಪಾಯಿ ಉಳಿಸಲು ನೂರು ರೂಪಾಯಿಯ ಬೇಡದ ಸಾಮಾನು ಸೇರಿಸುವಂತೆ ಮಾಡುತ್ತದೆ. ಕೇಳದ ವಸ್ತುವನ್ನು ಬುಟ್ಟಿಗೆ ತೂರಿಸುವುದು, ಮುಗಿಯುತ್ತಿದೆಯೆಂಬ ಸುಳ್ಳು ಅವಸರ ಹುಟ್ಟಿಸುವುದು, ಶುಲ್ಕಗಳನ್ನು ಹಂತ ಹಂತವಾಗಿ ಹೊರಗೆಡಹುವುದು ಸೇರಿದಂತೆ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ.

ಒಳಿತನ್ನೂ ಹೇಳಬೇಕು

ಸೂಪರ್‌ಮಾರ್ಕೆಟ್ ಎಂದರೆ ಮೋಸದ ಜಾಗ ಎನ್ನುವುದು ಸರಿಯಾಗದು. ಬೆಲೆ ಎಲ್ಲರಿಗೂ ಒಂದೇ. ಚೌಕಾಸಿ ಬಲ್ಲವರಿಗೊಂದು, ಬಾರದವರಿಗೊಂದು ಎಂಬುದಿಲ್ಲ. ಪ್ರತಿ ಖರೀದಿಗೂ ಬಿಲ್ಲು ದೊರೆಯುತ್ತದೆ, ತಯಾರಿಕೆಯ ದಿನಾಂಕ ನೋಡಲು ಅವಕಾಶವಿದೆ. ಜಾತಿ, ಅಂತಸ್ತು, ಬಾಕಿ ಲೆಕ್ಕದ ಹಂಗಿಲ್ಲದೆ ಯಾರು ಬೇಕಾದರೂ ಒಳಗೆ ಹೋಗಿ ವಸ್ತುವನ್ನು ಕೈಗೆತ್ತಿಕೊಂಡು ನೋಡಿ ಹಿಂದಿರುಗಿಸಬಹುದು. ಕೇಳಿ ಪಡೆಯಬೇಕಾದ ಅಂಗಡಿಯಲ್ಲಿ ಸಂಕೋಚಪಟ್ಟವರಿಗೆ ಇದೊಂದು ಬಿಡುಗಡೆಯೇ ಸರಿ. ಕಿರಾಣಿ ಅಂಗಡಿಗಳಲ್ಲಿ ತೂಕದ ಕೊರತೆ, ಉದ್ರಿಗೆ ಹೆಚ್ಚಿನ ಬೆಲೆ, ಬಿಲ್ಲಿಲ್ಲದ ವ್ಯಾಪಾರದ ದೂರುಗಳು ಹೊಸವಲ್ಲ. ಮತ್ತೊಂದೆಡೆ, ಕೂಲಿ ಸಿಗದ ವಾರ ಅಕ್ಕಿ, ಬೇಳೆ ಕೊಟ್ಟು ಬರೆದುಕೊಳ್ಳುವುದು ಕಿರಾಣಿಯೇ ಹೊರತು ಸೂಪರ್‌ಮಾರ್ಕೆಟ್ ಅಲ್ಲ.

ಹೆಚ್ಚುವರಿ ಖರ್ಚಿನ ಹೊರೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ತಿಂಗಳಿಗೆ 300 ರೂಪಾಯಿಯ ಬೇಡದ ಸಾಮಾನು ವರ್ಷಕ್ಕೆ 3,600 ರೂಪಾಯಿಯಾಗುತ್ತದೆ. ಮಹಾನಗರದ ದೊಡ್ಡ ಸಂಬಳದ ಮನೆಗೆ ಅದು ಲೆಕ್ಕಕ್ಕಿಲ್ಲ. ಗಣಿಯ ಕೂಲಿಯನ್ನು ನಂಬಿದ ಮನೆಯಲ್ಲಿ ಅದು ಮಕ್ಕಳ ಶಾಲೆಯ ಖರ್ಚು ಅಥವಾ ಮಳೆಗಾಲದ ಕೆಲಸವಿಲ್ಲದ ದಿನಗಳ ಗಂಜಿ.

ಗ್ರಾಹಕರು ಮಾಡಬಹುದಾದುದು

ತಂತ್ರಗಳು ಅನೇಕವಿದ್ದರೂ ಉಪಾಯದ ಸಾರ ಒಂದೇ. ಸೂಪರ್‌ಮಾರ್ಕೆಟ್ ತೆಗೆದುಹಾಕಿದ ಆ ಮೂರು ಹಂತಗಳನ್ನು, ಎಂದರೆ ಕೇಳುವುದು, ಕಾಯುವುದು, ಲೆಕ್ಕ ನೋಡುವುದನ್ನು, ಗ್ರಾಹಕರೇ ಮರಳಿ ತರಬೇಕು.

ಮೊದಲನೆಯದು ಯಾದಿ. ಮನೆಯಲ್ಲಿ ಡಬ್ಬಗಳನ್ನು ನೋಡಿ ಬರೆದುಕೊಂಡು ಹೋಗಬೇಕು, ಯಾದಿಯಲ್ಲಿಲ್ಲದ ವಸ್ತು ಕಂಡಾಗ ಇದನ್ನು ಅಂಗಡಿಕಾರನ ಬಳಿ ಬಾಯಿಬಿಟ್ಟು ಕೇಳುತ್ತಿದ್ದೆವೆಯೇ ಎಂದು ಯೋಚಿಸಬೇಕು. ಎರಡನೆಯದು ಬುಟ್ಟಿ. ಕೆಲವೇ ಸಾಮಾನು ಬೇಕಿದ್ದರೆ ಟ್ರಾಲಿ ಬಿಟ್ಟು ಕೈಬುಟ್ಟಿ ಹಿಡಿಯುವುದು ಲೇಸು. ಭಾರವೇ ಎಚ್ಚರಿಕೆ ನೀಡುತ್ತದೆ. ಹಸಿದ ಹೊಟ್ಟೆಯಲ್ಲಿ ಹೋಗದಿರುವುದೂ, ಚೀಲವನ್ನು ಮನೆಯಿಂದ ಒಯ್ಯುವುದೂ ಒಳ್ಳೆಯ ಅಭ್ಯಾಸ. ಮೂರನೆಯದು ಏಕಮಾನ ಬೆಲೆ. ದೊಡ್ಡಕ್ಷರದ ಬೆಲೆಗಿಂತ ಸಣ್ಣಕ್ಷರದ ಗ್ರಾಮಿನ ಬೆಲೆಯನ್ನು ಓದಬೇಕು. ಕಣ್ಣಿನ ಮಟ್ಟದ ಹಲಗೆಯ ಜೊತೆಗೆ ಕೆಳಗಿನದನ್ನೂ ನೋಡಬೇಕು. ಬಿಲ್ಲಿಂಗ್ ಸಾಲಿಗೆ ಸೇರುವ ಮೊದಲು ಒಂದು ನಿಮಿಷ ನಿಂತು ಬುಟ್ಟಿಯನ್ನು ಯಾದಿಯೊಡನೆ ಹೋಲಿಸಿ, ಬೇಡವಾದುದನ್ನು ಹಿಂದಿಡಲು ಸಂಕೋಚಪಡಬೇಕಾಗಿಲ್ಲ.

ಬಿಲ್ಲಿನಲ್ಲಿ ಹಲಗೆಯ ಮೇಲಿದ್ದ ಬೆಲೆಗಿಂತ ಹೆಚ್ಚು ಮುದ್ರಿತವಾಗಿದ್ದರೆ ಅಲ್ಲಿಯೇ ಕೇಳಬೇಕು. ಎಂಆರ್‌ಪಿ ಮೀರಿದ ಬೆಲೆ, ತೂಕದ ಕೊರತೆ, ತಪ್ಪು ದಾರಿಗೆಳೆಯುವ ಕೊಡುಗೆಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಭಂಕೂರಿನವರು ಬೆಂಗಳೂರಿನ ಸಂಸ್ಥೆಯೊಂದರ ವಿರುದ್ಧದ ದೂರನ್ನು ಕಲಬುರಗಿಯಲ್ಲಿಯೇ ಕೊಡಬಹುದು. ಅದಕ್ಕೆ ಬೇಕಾದ ಮೊದಲ ಆಧಾರ ಬಿಲ್ಲು. ಆದ್ದರಿಂದ ‘ಉಳಿಸಿದ ಹಣ’ದ ಸಾಲನ್ನು ಓದಿ ಹಿಗ್ಗಿ ಬಿಸಾಡುವ ಬದಲು, ಬಿಲ್ಲನ್ನು ಮನೆಗೆ ತಂದು ಯಾದಿಯ ಪಕ್ಕದಲ್ಲಿಟ್ಟು ನೋಡುವುದು ಒಳಿತು. ಎರಡರ ನಡುವಣ ಅಂತರವೇ ಆ ದಿನ ಮಳಿಗೆ ಗಳಿಸಿದ್ದು.